ಹಿತ್ತಲಿಗೆ ಬಂದ ಟೆಂಟು

ಟೆಂಟಿನೊಳಗೆ ಬೆನ್ನು ನೋಯದಂತೆ, ಚಳಿ ಹತ್ತದಂತೆ, ಸೊಳ್ಳೆ ಕಡಿಯದಂತೆ ಮಲಗುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಕೈಯಲ್ಲಿನ ಕೆಲಸ ಬಿಟ್ಟು ಹೇಳಲು ಕೂತುಬಿಡುತ್ತೇನೆ. ಬೈಲಹೊಂಗಲದಲ್ಲಿ ಬ್ಲೌಸು ಹೊಲಿದುಕೊಂಡಿರುವ ಹೆಂಗಸಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದು ನಗಬೇಡಿ. ಒಂದೇ ಚಳಿಗಾಲದಲ್ಲಿ, ಯಾರೋ ಬಳಸಿ ಬಿಟ್ಟ ಹಳೆಯ ಟೆಂಟಿನ ಮೇಲೆ, ಕೈಯಿಂದ ದುಡ್ಡು ಬಿಚ್ಚದೆ ಕಲಿತದ್ದು. ಹೆಮ್ಮೆಪಡುವ ಸಂಗತಿಯೇ. ಆದರೆ ಆ ಟೆಂಟು ಎಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಸವದತ್ತಿಯ ಹಿನ್ನೀರಲ್ಲ, ದೇಗಾಂವದ ಹೊಲವಲ್ಲ. ನಮ್ಮದೇ ಮನೆಯ ಹಿತ್ತಲು. ಅಲ್ಲಿ ಅದನ್ನು ಕಂಡ ಗಳಿಗೆಯನ್ನು ನೆನೆದರೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ.

ಮನೆಯಲ್ಲಿ ನಾವು ನಾಲ್ವರು. ನಮ್ಮವರದು ಬಜಾರದಲ್ಲಿ ಒಂದು ಸಣ್ಣ ಝೆರಾಕ್ಸ್ ಅಂಗಡಿ. ನಾನು ಪಡಸಾಲೆಯ ಕಿಟಕಿಗೆ ಮಶೀನು ಹಚ್ಚಿಕೊಂಡು ಹೊಲಿಯುತ್ತೇನೆ. ಮಗಳು ಶಾಲೆಯಲ್ಲಿ ಎಂಟನೆಯ ಇಯತ್ತೆ. ನಾಲ್ಕನೆಯವರು ನಮ್ಮ ಅತ್ತೆ. ಸಿರಸಂಗಿಯ ಕಡೆಯ ಒಂದು ಹಳ್ಳಿಯಲ್ಲಿ ತಲೆತಲಾಂತರದಿಂದ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನದ ಸೊಸೆ ಅವರು. ಮಾವನವರು ತೀರಿಕೊಂಡ ಮೇಲೆ ಪೂಜೆ ಭಾವಂದಿರ ಪಾಲಿಗೆ ಹೋಯಿತು, ಅತ್ತೆ ನಮ್ಮ ಪಾಲಿಗೆ ಬಂದರು. ಅವರ ಹಿಂದೆ ಮಡಿಯೂ ಬಂತು. ಒಳ್ಳೆಯ ಹೆಂಗಸು, ಸುಳ್ಳು ಹೇಳಲಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ನಾನು ಕೂಗಾಡುತ್ತೇನೆ, ಅವರು ಕೇಳಿಸಿಕೊಂಡು ತಮ್ಮ ಪಾಡಿಗೆ ತಾವು ಬತ್ತಿ ಹೊಸೆಯುತ್ತಾರೆ. ಹಾಗೆ ಬಾಳ್ವೆ ನಡೆದಿತ್ತು.

ಬಾಡಿಗೆ ಮನೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲೇ ದೇವರು, ಅದಕ್ಕೂ ಹಿಂದೆ ಬಚ್ಚಲು ಮತ್ತು ಅಂಗೈಯಗಲದ ಹಿತ್ತಲು. ಆ ವರ್ಷದ ಮಳೆಗಾಲದಲ್ಲಿ ಮಗಳು ದೊಡ್ಡವಳಾದಳು. ಅತ್ತೆ ಮೊದಲು ಕೇಳಿದ್ದೇ ಆಕೆಯನ್ನು ಹೊರಗೆ ಕೂಡಿಸುವುದು ಎಲ್ಲಿ ಎಂದು. ಅವರ ಊರಿನ ಮನೆಯಲ್ಲಿ ತಿಂಗಳಿಗೆ ಮೂರು ದಿನ ಹೆಂಗಸರು ಒಳಗೆ ಕಾಲಿಡುತ್ತಿರಲಿಲ್ಲ, ಯಾರನ್ನೂ ಮುಟ್ಟುತ್ತಿರಲಿಲ್ಲ, ಬೇರೆ ತಾಟು, ಬೇರೆ ಹಾಸಿಗೆ. ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಂತೆ. ಅಷ್ಟರಲ್ಲಿ ನಮ್ಮವರು ನಡುವೆ ಬಾಯಿ ಹಾಕಿ, ಇಷ್ಟು ಸಣ್ಣ ಮನೆಯಲ್ಲಿ ಜಾಗ ಎಲ್ಲಿದೆ, ಪಡಸಾಲೆಯಲ್ಲಿ ಕೂಡಿಸಿದರೆ ಬ್ಲೌಸು ಕೊಡಲು ಬಂದವರೆಲ್ಲ ಕೇಳುತ್ತಾರೆ ಎಂದರು. ಅತ್ತೆ ಸುತ್ತಲೂ ಒಂದು ಸಲ ಕಣ್ಣಾಡಿಸಿದರು. ಖರೇನೇ ಜಾಗ ಇಲ್ಲ ಎಂದು ಒಪ್ಪಿಕೊಂಡರು. ನನ್ನನ್ನು ಹೊರಗೆ ಕೂಡಿಸುವುದನ್ನೂ ಅವರು ಜಾಗವಿಲ್ಲವೆಂದೇ ಎಂದೋ ಬಿಟ್ಟಿದ್ದರು. ದೇವರ ಮೂಲೆಯನ್ನೊಂದು ಬಿಟ್ಟು ಹುಡುಗಿ ಮನೆ ತುಂಬ ಓಡಾಡಿಕೊಂಡಿದ್ದಳು. ಪೀಡೆ ತೊಲಗಿತು ಎಂದು ನಾನು ನಿಶ್ಚಿಂತಳಾದೆ.

ಟೆಂಟು ಬಂದದ್ದು ಸಂಕ್ರಾಂತಿಯ ಹೊತ್ತಿಗೆ. ಮಗಳ ಜೊತೆಯವರು ಯಾರೋ ದಾಂಡೇಲಿಯ ಕಡೆ ಹೋಗಿ ಟೆಂಟಿನಲ್ಲಿ ಉಳಿದು ಫೋಟೋ ಕಳಿಸಿದ್ದರು. ಈಕೆ ಅವನ್ನು ಅಪ್ಪನ ಮೊಬೈಲಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದಳು, ಬೇಕು ಅಂತ ಬಾಯಿ ಬಿಡಲಿಲ್ಲ. ಬಾಯಿ ಬಿಡುವ ಹುಡುಗಿಯಲ್ಲ ಅವಳು, ಆ ವಿಷಯದಲ್ಲಿ ನನ್ನ ಮಗಳೇ ಅಲ್ಲ. ಸವದತ್ತಿಯ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸಕ್ಕೆ ಬಂದಿದ್ದ ಒಬ್ಬರಿಗೆ ಬೇರೆ ಊರಿಗೆ ಬದಲಿಯಾಗಿತ್ತು. ಝೆರಾಕ್ಸ್ ಮಾಡಿಸಲು ಬಂದವರು ಮಾತಿಗೆ ಮಾತು ಬಂದು, ಒಂದು ಹಳೆಯ ಟೆಂಟು ಇದೆ, ಏನಾದರೂ ಕೊಟ್ಟು ಒಯ್ಯಿರಿ ಎಂದರಂತೆ. ನಮ್ಮವರು ಏನೋ ಕೊಟ್ಟು ತಂದರು. ಅವರು ಹೆಗಲ ಮೇಲೆ ಹೊತ್ತು ಬಂದಾಗ ಹುಡುಗಿಯ ಮುಖ ನೋಡಬೇಕಿತ್ತು.

ಮೊದಲ ಸಲ ಹೋದದ್ದು ಸವದತ್ತಿಯ ಕಡೆ, ಮಲಪ್ರಭೆಯ ಹಿನ್ನೀರಿಗೆ ಹತ್ತಿದ ಗುರುತಿನವರ ಹೊಲಕ್ಕೆ. ಒಂದು ಟಂಟಂ ರಿಕ್ಷಾ ಹಿಡಿದು, ಅತ್ತೆಯನ್ನು ಮುಂದೆ ಕೂಡಿಸಿ, ನಾವು ಹಿಂದೆ ಸಾಮಾನಿನ ಮೇಲೆ ಕೂತು ಹೋದೆವು. ಆ ಫಜೀತಿಯನ್ನು ಏನು ಹೇಳಲಿ! ತೆಳ್ಳಗಿನ ಒಂದೊಂದು ಚಾದರ ಹಾಸಿ, ಇದ್ದ ಕೌದಿ, ರಗ್ಗು ಎಲ್ಲವನ್ನೂ ಮೇಲೆ ಹೊದ್ದಿದ್ದೆವು. ಚಳಿ ಮೇಲಿನಿಂದ ಬರುವುದಿಲ್ಲ, ನೆಲದಿಂದ ಏರುತ್ತದೆ ಎಂಬುದು ಬೆಳಗಾಗುವುದರೊಳಗೆ ನನ್ನ ಸೊಂಟಕ್ಕೆ ಗೊತ್ತಾಗಿತ್ತು. ಗಾಳಿ ಬರುತ್ತದೆಂದು ನಮ್ಮವರು ಟೆಂಟಿನ ಕಿಟಕಿಗಳನ್ನೆಲ್ಲ ಭದ್ರ ಮುಚ್ಚಿದ್ದರು. ನಾಲ್ಕು ಜನರ ಉಸಿರು ಮೇಲೆ ಹೋಗಿ ನೀರಾಗಿ ಮುಖದ ಮೇಲೆ ತೊಟ್ಟಿಕ್ಕಿತು. ಅತ್ತೆಗೆ ಮಂಡಿ ಹಿಡಿದುಕೊಂಡು ಏಳಲಾಗಲಿಲ್ಲ, ಇಬ್ಬರು ಎರಡು ರಟ್ಟೆ ಹಿಡಿದು ಎಬ್ಬಿಸಿದೆವು. ವಾಪಸು ಬರುವಾಗ ಟಂಟಂನಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಸೊಂಟ ಒತ್ತಿಕೊಂಡು ಕೂತಿದ್ದೆವು. ಮಗಳು ಮಾತ್ರ ಮೆಲ್ಲಗೆ, ಮತ್ತೊಮ್ಮೆ ಹೋಗೋಣ ಎಂದಳು.

ನನಗೆ ಹಟ ಬಂತು. ಹಟ ಬಂದರೆ ನಾನು ಯಾರ ಮಾತೂ ಕೇಳುವವಳಲ್ಲ. ಅಂಗಡಿಯಲ್ಲಿ ಹಾಸುವ ಗಾದಿಗೆ, ಗಾಳಿ ತುಂಬುವ ದಿಂಬಿಗೆ ಕೇಳುವ ಬೆಲೆ ನಮ್ಮಂಥವರ ಮನೆಗೆ ಆಗಿಬರುವಂಥದ್ದಲ್ಲ. ನಮ್ಮವರ ಅಂಗಡಿಯ ಪಕ್ಕ ಫ್ಲೆಕ್ಸ್ ಹಾಕುವವರಿದ್ದಾರೆ. ಅವರ ಹತ್ತಿರ ಯಾರದೋ ಹುಟ್ಟುಹಬ್ಬದ, ಯಾರೂ ಒಯ್ಯದ ದೊಡ್ಡ ಫ್ಲೆಕ್ಸೊಂದು ಬಿದ್ದಿತ್ತು. ಅದನ್ನು ತಂದು, ಟೆಂಟಿನ ಕೆಳಗೆ ಹಾಸಲು ಅದರ ತಳಕ್ಕಿಂತ ನಾಲ್ಕು ಬೆರಳು ಸಣ್ಣದಾಗಿ ಕತ್ತರಿಸಿದೆ. ಅಂಚು ಹೊರಗೆ ಚಾಚಿದರೆ ಇಬ್ಬನಿಯ ನೀರು ಅದರ ಮೇಲೆ ಇಳಿದು ಒಳಗೇ ಬರುತ್ತದೆ. ಕೈಮುಗಿದು ನಗುವ ಮುಖಂಡರೊಬ್ಬರ ಎದೆಯ ಮೇಲೆ ನಾವು ಮಲಗಬೇಕಾಯಿತು. ಅತ್ತೆ ಅವರ ಮುಖವನ್ನಾದರೂ ಬೋರಲು ಹಾಕು ಎಂದರು, ಹಾಕಿದೆ.

ಗಾದಿಯ ವಿದ್ಯೆಯನ್ನು ನಾನೇ ಕಂಡುಹಿಡಿದೆ. ರಸಗೊಬ್ಬರದ ಖಾಲಿ ಚೀಲಗಳನ್ನು ತೊಳೆದು ಉದ್ದಕ್ಕೆ ಜೋಡಿಸಿ ಹೊಲಿದು, ಒಂದು ಬದಿಗೆ ಬಾಯಿ ಬಿಟ್ಟೆ. ಹೋಗುವಾಗ ಮಡಿಚಿ ಒಯ್ಯುವುದು, ಹೊಲದ ಬಣವಿಯ ಹತ್ತಿರ ಹೊಟ್ಟು ತುಂಬಿಕೊಳ್ಳುವುದು, ಬೆಳಿಗ್ಗೆ ಹೊಟ್ಟನ್ನು ಅದೇ ಜಾಗದಲ್ಲಿ ಸುರಿದು ಬರುವುದು. ಹೊರೆಯೂ ಇಲ್ಲ, ಖರ್ಚೂ ಇಲ್ಲ. ಅದರ ಮೇಲೆ ಕೌದಿ, ಅದರ ಮೇಲೆ ನಾವು. ಬ್ಲೌಸಿನ ಅಸ್ತರದ ತುಂಡುಗಳಿಂದ ಟೆಂಟಿನ ಗೋಡೆಗೆ ಕಿಸೆಗಳನ್ನು ಹೊಲಿದೆ, ಕನ್ನಡಕಕ್ಕೊಂದು, ಬ್ಯಾಟರಿಗೊಂದು, ಬಾಚಣಿಕೆಗೊಂದು. ಹರಿದ ಸೊಳ್ಳೆಪರದೆಯನ್ನು ಕಿಟಕಿಗಳಿಗೆ ಹಚ್ಚಿ, ಗಾಳಿ ಆಡುವಷ್ಟು ತೆರೆದಿಡುವಂತೆ ಮಾಡಿದೆ. ಮಡಿಚಿದ ಬಟ್ಟೆಗಳನ್ನೇ ತುಂಬಿಡುವ ದಿಂಬಿನ ಚೀಲಗಳು, ಅತ್ತೆ ಮಂಡಿ ಮಡಚದೆ ಬಹಿರ್ದೆಸೆಗೆ ಕೂಡಲು ಸೀಟು ಕೊರೆದ ಹಳೆಯ ಪ್ಲಾಸ್ಟಿಕ್ ಕುರ್ಚಿ, ಅದರ ಸುತ್ತ ಕಟ್ಟಲು ಸೀರೆಯ ಮರೆ. ನೀರು ತುಂಬಿದ ಬಾಟಲಿಯ ಕೆಳಗೆ ಬ್ಯಾಟರಿ ಹೊತ್ತಿಸಿಟ್ಟರೆ ಇಡೀ ಟೆಂಟು ಬೆಳ್ಳಗಾಗುತ್ತದೆ ಎಂದು ಹೇಳಿಕೊಟ್ಟವಳು ಮಗಳು. ಇಬ್ಬರೂ ರವಿವಾರಗಳನ್ನೆಲ್ಲ ಅದರ ಮೇಲೆಯೇ ಕಳೆದೆವು. ಹೊಲಿಯಲು ಕೊಟ್ಟವರು ಬಂದು ಬ್ಲೌಸು ಎಲ್ಲಿ ಎಂದು ಬೈದು ಹೋದರು.

ಎರಡನೆಯ ಸಲ ಕಿತ್ತೂರಿನ ಕಡೆ, ದೇಗಾಂವದ ಹತ್ತಿರ ಸಂಬಂಧಿಕರೊಬ್ಬರ ಹೊಲಕ್ಕೆ ಹೋದೆವು. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಬುತ್ತಿ. ಒಲೆ ಹೊತ್ತಿಸುವ ಗೋಜೇ ಇಲ್ಲ. ಆ ಸಲ ಎಲ್ಲರಿಗೂ ಎಂಥ ನಿದ್ದೆ ಬಂತೆಂದರೆ ಬಿಸಿಲು ಮುಖಕ್ಕೆ ಬಡಿದ ಮೇಲೆ ಎದ್ದೆವು. ಅತ್ತೆ ಯಾರ ಕೈಯೂ ಹಿಡಿಯದೆ ಎದ್ದು ಹೊರಗೆ ಬಂದು, ಇದು ಮನೆಗಿಂತ ಛಲೋ ಇದೆ, ಇದರೊಳಗೆ ಎಷ್ಟು ದಿನ ಬೇಕಾದರೂ ಇರಬಹುದು ಎಂದು ಎರಡೆರಡು ಸಲ ಹೇಳಿದರು. ಮದುವೆಯಾಗಿ ಬಂದಂದಿನಿಂದ ಅವರ ಬಾಯಿಂದ ನನಗೆ ಅಷ್ಟು ದೊಡ್ಡ ಹೊಗಳಿಕೆ ಬಂದಿರಲಿಲ್ಲ. ನಾನು ಉಬ್ಬಿಹೋದೆ. ಆ ಮಾತಿನೊಳಗೆ ಏನಿದೆ ಎಂದು ನನಗೆ ಕನಸಿನಲ್ಲೂ ಹೊಳೆಯಲಿಲ್ಲ.

ಶಿವರಾತ್ರಿಯ ಮುಂದೆ ರಾಮದುರ್ಗಕ್ಕೆ ಹೋದೆ. ನನ್ನ ತವರು ಅದು. ಅವ್ವನಿಗೆ ಕಣ್ಣಿನ ಆಪರೇಶನ್ ಆಗಿತ್ತು, ಔಷಧ ಹಾಕಲು ಒಬ್ಬರು ಬೇಕಿತ್ತು. ದಿನಾ ಮನೆಗೆ ಫೋನು ಮಾಡುತ್ತಿದ್ದೆ. ಎಲ್ಲ ಆರಾಮ ಎನ್ನುತ್ತಿದ್ದರು ನಮ್ಮವರು. ಮಗಳೂ ಆರಾಮ ಎನ್ನುತ್ತಿದ್ದಳು. ಅವ್ವನಿಗೆ ಸ್ವಲ್ಪ ಚೇತರಿಕೆ ಆಗುತ್ತಲೇ ಅಕ್ಕನಿಗೆ ಒಪ್ಪಿಸಿ, ಯಾರಿಗೂ ತಿಳಿಸದೆ ಬೆಳಗಿನ ಬಸ್ಸು ಹತ್ತಿ ಬಂದೆ.

ಮನೆಗೆ ಬಂದಾಗ ಅತ್ತೆ ಪಡಸಾಲೆಯಲ್ಲಿ ಜಪ ಮಾಡುತ್ತಿದ್ದರು. ಕಾಲು ತೊಳೆಯಲು ಸೀದಾ ಹಿತ್ತಲಿಗೆ ನಡೆದೆ. ನೋಡಿದರೆ ಟೆಂಟು! ತುಳಸಿಕಟ್ಟೆಯಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರಕ್ಕೆ, ಕರಿಬೇವಿನ ಗಿಡಕ್ಕೆ ಒಂದು ಹಗ್ಗ, ಬಚ್ಚಲಿನ ಪೈಪಿಗೆ ಒಂದು ಹಗ್ಗ ಬಿಗಿದು ಅಚ್ಚುಕಟ್ಟಾಗಿ ನಿಲ್ಲಿಸಿದ್ದರು. ನನಗೆ ಖುಷಿಯಾಯಿತು, ದೇವರಾಣೆ. ನಾನಿಲ್ಲದಾಗ ಮುಂದಿನ ಸಲಕ್ಕೆ ಎಲ್ಲ ತಯಾರಿ ಮಾಡಿಟ್ಟಿದ್ದಾರೆ ಎಂದುಕೊಂಡೆ. ನಗುತ್ತಲೇ ಬಗ್ಗಿ ಬಾಗಿಲಿನ ಚೈನು ಎಳೆದೆ.

ಒಳಗೆ ಮಗಳು ಕೂತಿದ್ದಳು. ಶಾಲೆಯ ದಿನ, ಶಾಲೆಯ ಹೊತ್ತು. ಪಕ್ಕದಲ್ಲಿ ನಮ್ಮ ಮನೆಯದಲ್ಲದ ಒಂದು ಹೊಸ ಸ್ಟೀಲ್ ತಾಟು, ಒಂದು ಲೋಟ, ನೀರಿನ ತಂಬಿಗೆ. ನಾನು ಹೊಲಿದ ಕಿಸೆಯೊಂದರಲ್ಲಿ ಪ್ಯಾಡಿನ ಪ್ಯಾಕೆಟ್ಟು. ನಾನು ಹೊಲಿದ ಗಾದಿಯಲ್ಲಿ ಎಲ್ಲಿಂದಲೋ ತರಿಸಿ ತುಂಬಿದ ಹೊಟ್ಟು, ಮೇಲೆ ಅತ್ತೆಯದೇ ಕೌದಿ. ಹುಡುಗಿ ನನ್ನ ಕಡೆ ನೋಡಿ ನಕ್ಕಳು.

ಎಂದಿನಿಂದ ಹೀಗೆ ಕೂತಿದ್ದೀ ಎಂದು ಕೇಳಿದೆ. ನಿನ್ನೆಯಿಂದ ಎಂದಳು. ಅಜ್ಜಿ ಹೇಳಿದರು, ಅಪ್ಪ ಟೆಂಟು ಹಾಕಿಕೊಟ್ಟರು, ಶಾಲೆಗೆ ಈ ದಿನಗಳಲ್ಲಿ ಹೋಗುವುದು ಬೇಡ ಅಂದರು. ಹೋದ ತಿಂಗಳು ಇದೇ ಮನೆಯಲ್ಲಿ ಕುಣಿದಾಡಿಕೊಂಡಿದ್ದ ಹುಡುಗಿ ಇದನ್ನೆಲ್ಲ ಹಬ್ಬಕ್ಕೆ ಸುಣ್ಣ ಬಳಿದ ವಿಷಯದಷ್ಟು ಸಲೀಸಾಗಿ ಹೇಳುತ್ತಿದ್ದಾಳೆ! ನನ್ನ ಮುಖ ನೋಡಿ ಸಮಾಧಾನ ಬೇರೆ ಮಾಡಿದಳು.

“ಇಲ್ಲಿ ಆರಾಮ ಅದ ಅಮ್ಮಾ. ನೀ ಎಲ್ಲಾ ಛಲೋ ಮಾಡಿದ್ದಿಯಲ್ಲಾ.”

ಆ ಮಾತು ಕೆನ್ನೆಗೆ ಬಾರಿಸಿದಂತಾಯಿತು. ಮಾಡಿದವಳು ನಾನೇ. ಒಂದೊಂದು ಹೊಲಿಗೆಯೂ ನನ್ನದೇ. ಇದು ಕೊಳಕು ಚಾಪೆಯಾಗಿದ್ದರೆ, ಸೊಳ್ಳೆ ಮುತ್ತುವ ಮೂಲೆಯಾಗಿದ್ದರೆ ಅವಳು ಒಂದು ತಾಸು ಕೂಡುತ್ತಿರಲಿಲ್ಲ, ಅತ್ತು ರಂಪ ಮಾಡಿ ನನಗೆ ಫೋನು ಮಾಡುತ್ತಿದ್ದಳು. ಅತ್ತೆಗೂ ಮನಸ್ಸು ಬರುತ್ತಿರಲಿಲ್ಲ. ಜಾಗ ಇಲ್ಲ ಎಂಬ ಒಂದೇ ಮಾತಿನ ಮೇಲೆ ನಿಂತಿತ್ತು ನನ್ನ ಮಗಳ ಸ್ವಾತಂತ್ರ್ಯ. ಜಾಗವನ್ನು ನಾನೇ ರವಿವಾರ ರವಿವಾರ ಕೂತು ಹೊಲಿದುಕೊಟ್ಟಿದ್ದೆ.

ನಮ್ಮವರು ಅಂಗಡಿಯಿಂದ ಊಟಕ್ಕೆ ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತರು. ಏನ್ರೀ ಇದು ಎಂದೆ. ಅವ್ವ ಹಾಕು ಅಂದಳು, ಹುಡುಗಿಯೂ ಹೂಂ ಅಂದಳು, ಇದರಲ್ಲಿ ಯಾರಿಗೆ ತೊಂದರೆ ಆಯಿತು ಎಂದು ಅವರು ನನ್ನನ್ನೇ ಕೇಳಿದರು. ಆ ಮನುಷ್ಯ ಕೆಟ್ಟವರಲ್ಲ. ಯಾರೂ ಕೂಗಾಡದಿದ್ದರೆ ಎಲ್ಲ ಸರಿಯಾಗಿದೆ ಎಂದು ತಿಳಿಯುವವರು, ಅಷ್ಟೇ. ನಾನು ಅವರನ್ನು ಅಲ್ಲೇ ಬಿಟ್ಟು ಪಡಸಾಲೆಗೆ ಹೋದೆ. ಅತ್ತೆಗೆ ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಇವತ್ತಿನ ಕಾಲದಲ್ಲಿ ಹುಡುಗಿಯನ್ನು ಶಾಲೆ ಬಿಡಿಸಿ ಹಿತ್ತಲಲ್ಲಿ ಕೂಡಿಸುತ್ತೀರಲ್ಲ, ನಿಮಗೆ ಕರುಳಿಲ್ಲವೇ ಎಂದದ್ದು ನೆನಪಿದೆ.

ಅತ್ತೆ ಜಪದ ಮಣಿ ಕೆಳಗಿಟ್ಟರು. ಸಿಟ್ಟಾಗಲಿಲ್ಲ. ಅವರಿಗೆ ನೋವಾದದ್ದು ಕರುಳಿಲ್ಲವೇ ಎಂದದ್ದಕ್ಕೆ.

“ನಾ ಕೂತದ್ದು ದನದ ಕೊಟ್ಟಿಗ್ಯಾಗ. ಮಳಿಗಾಲದಾಗ ಗೋಣಿಚೀಲದ ಕೆಳಗ ದನದ ಗಂಜಲ ಹರೀತಿತ್ತು. ಒಂದ ಕೌದಿ ಕೊಡ್ರಿ ಅಂದ್ರ ಯಾರೂ ಕೊಡಲಿಲ್ಲ, ಮೈಲಿಗಿ ಆಗ್ತದ ಅಂದ್ರು. ಈ ಕೂಸಿಗೆ ನಾ ನನ್ನ ಕೌದಿನ ಕೊಟ್ಟೀನಿ.”

ಕೊಟ್ಟಿಗೆಯ ವಿಷಯ ಅವರು ಎಂದೂ ಹೇಳಿದವರಲ್ಲ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಹಾಗಾದರೆ ಅದು ಎಂಥದ್ದು ಅಂತ ನಿಮಗೆ ಗೊತ್ತದಲ್ರೀ ಎಂದೆ.

“ಗೊತ್ತದ. ಅದಕ್ಕ ಆಕಿಗೆ ಛಲೋ ಮಾಡಿಕೊಟ್ಟೀನಿ” ಎಂದರು ಅತ್ತೆ.

ದೇವರೇ, ಇದನ್ನು ಕೇಳಿ ನಾನು ದಂಗಾದೆ. ಅವರ ಮಟ್ಟಿಗೆ ಅದು ಪ್ರೀತಿ. ತಮಗೆ ಸಿಗದಿದ್ದ ಸುಖವನ್ನೆಲ್ಲ ಕೂಡಿಸಿ ಮೊಮ್ಮಗಳಿಗೆ ಕೊಟ್ಟಿದ್ದರು. ಮುಟ್ಟಾದವರು ಮಲಗಿದ ಕೌದಿಯನ್ನು ಅವರು ಮತ್ತೆಂದೂ ಹೊದೆಯಲಾರರು, ಅದೂ ನನಗೆ ಗೊತ್ತು. ಕ್ರೂರಿ ಅತ್ತೆಯ ಜೊತೆ ಜಗಳ ಆಡುವುದು ಸುಲಭ. ಇಂಥವರ ಜೊತೆ ಹೇಗೆ ಆಡುವುದು? ಆದರೂ ಹುಡುಗಿಯನ್ನು ಅಲ್ಲಿ ಬಿಡುವುದಂತೂ ಸಾಧ್ಯವಿರಲಿಲ್ಲ. ಮತ್ತೆ ಹಿತ್ತಲಿಗೆ ಹೋಗಿ, ಟೆಂಟಿನೊಳಗೆ ಕೈ ಹಾಕಿ ಮಗಳ ಮುಂಗೈ ಹಿಡಿದು, ಒಳಗೆ ನಡೆ ಎಂದು ಎಳೆದೆ.

“ಅಯ್ಯ ಅಮ್ಮಾ, ಮುಟ್ಟಿಬಿಟ್ಟಿ. ಈಗ ನೀನೂ ಜಳಕಾ ಮಾಡಬೇಕು” ಎಂದಳು ಅವಳು.

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ನನಗೇ ಹೀಗೆ ಅಂದಳು. ನಾನು ಕೈ ಬಿಡಲಿಲ್ಲ. ಅಡುಗೆಮನೆಯ ಹೊಸ್ತಿಲ ತನಕ ಬಂದಳು, ಅಲ್ಲಿ ಕಾಲು ಊರಿ ನಿಂತುಬಿಟ್ಟಳು. ಮುಂಗೈಯನ್ನು ನನ್ನ ಹಿಡಿತದಿಂದ ಹಿಂದಕ್ಕೆ ಜಗ್ಗಿದಳು. ಒಳಗೆ ದೇವರಿದ್ದಾನೆ, ಅಜ್ಜಿಗೆ ಏನಾದರೂ ಆದರೆ ಎಂದಳು. ಏನಾಗುತ್ತದೆ, ಯಾರು ಹೇಳಿದರು ನಿನಗೆ ಎಂದು ನಾನು ಕೂಗಿದೆ. ಅಜ್ಜಿಯೇ ಏನೋ ಕತೆ ಕಟ್ಟಿ ಹೆದರಿಸಿದ್ದಾರೆ ಎಂದು ನನ್ನ ಎಣಿಕೆ.

“ಯಾರೂ ಹೇಳಿಲ್ಲ. ಏನೂ ಆಗೂದಿಲ್ಲಂದ್ರ ನೀವೆಲ್ಲಾ ಇಷ್ಟ್ಯಾಕ ಮಾಡ್ತಿದ್ರಿ?”

ನೀವೆಲ್ಲಾ ಎಂದಳು. ಅದರಲ್ಲಿ ನಾನೂ ಬಂದೆ. ಒಂದೇ ದಿನದಲ್ಲಿ, ಯಾರೂ ಒಂದು ಕೆಟ್ಟ ಮಾತು ಆಡದೆ, ಆ ಮೆತ್ತನೆಯ ಗಾದಿಯ ಮೇಲೆ ಕೂತುಕೊಂಡೇ ಹುಡುಗಿ ತನ್ನ ಮೈಯಲ್ಲಿ ಏನೋ ವಿಷವಿದೆ ಎಂದು ಕಲಿತುಬಿಟ್ಟಿದ್ದಳು. ಅವಳನ್ನು ಎರಡೂ ರಟ್ಟೆ ಹಿಡಿದು ಎತ್ತಿಯೇ ಒಳಗೆ ಇಳಿಸಿದೆ, ಅಷ್ಟು ದೊಡ್ಡ ಹುಡುಗಿಯನ್ನು. ಒಲೆಯ ಪಕ್ಕ ಮಣೆ ಹಾಕಿ ಕೂಡಿಸಿ, ನಾನು ಉಣ್ಣುವ ತಾಟಿನಲ್ಲೇ ಬಡಿಸಿದೆ. ಅಳುತ್ತಳುತ್ತ ಉಂಡಳು. ಒಂದೊಂದು ತುತ್ತಿಗೂ ದೇವರ ಮೂಲೆಯ ಕಡೆ ಕಳ್ಳಗಣ್ಣು ಹಾಕುತ್ತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ.

ಅತ್ತೆ ಪಡಸಾಲೆಯಿಂದ ಎಲ್ಲ ನೋಡುತ್ತಿದ್ದರು. ಎದ್ದು ತಮ್ಮ ತಾಟು, ತಮ್ಮ ತಂಬಿಗೆ, ಮಡಿಸೀರೆ, ಜಪಮಾಲೆ ತೆಗೆದುಕೊಂಡರು. ಸಿರಸಂಗಿಯ ಕಡೆಗೆ, ಭಾವನವರ ಮನೆಗೆ ಹೊರಟರು ಎಂದುಕೊಂಡೆ, ನಮ್ಮವರೂ ಹಾಗೇ ತಿಳಿದು ಚಪ್ಪಲಿ ಹುಡುಕತೊಡಗಿದರು. ಅತ್ತೆ ಮುಂಬಾಗಿಲಿಗೆ ಹೋಗಲಿಲ್ಲ. ಹಿತ್ತಲಿಗೆ ನಡೆದರು. ಹುಡುಗಿ ಮಲಗಿದ್ದ ಕೌದಿಯನ್ನು ಹೊರಗೆ ಎಳೆದು ಬಕೆಟ್ಟಿನಲ್ಲಿ ನೆನೆಹಾಕಿದರು. ತುಳಸಿಯ ನೀರು ತಂದು ಟೆಂಟಿನ ಒಳಗೂ ಹೊರಗೂ ಚಿಮುಕಿಸಿದರು. ಆಮೇಲೆ ಮಂಡಿ ಊರಿ ನಿಧಾನವಾಗಿ ಒಳಗೆ ಹೋಗಿ ಚೈನು ಎಳೆದುಕೊಂಡರು.

ನಾನೂ ನಮ್ಮವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮನೆಯೇ ಮೈಲಿಗೆಯಾದ ಮೇಲೆ ಅವರಿಗೆ ಶುದ್ಧವಾಗಿ ಉಳಿದ ಜಾಗ ಅದೊಂದೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮವರು ಹೋಗಿ ಕೈಮುಗಿದರು. ಅವ್ವಾ ಒಳಗೆ ಬಾ, ಓಣಿಯವರು ಏನಂದಾರು ಎಂದರು. ಅತ್ತೆ ಒಳಗಿನಿಂದಲೇ, ನನಗೆ ಯಾರ ಮೇಲೂ ಸಿಟ್ಟಿಲ್ಲ, ನನಗೆ ಇಲ್ಲಿ ಆರಾಮ ಇದೆ ಎಂದು ಹೇಳಿ ಕಳಿಸಿದರು. ಜಾಗವಿಲ್ಲದಾಗ ನಡೆದಿದ್ದ ಅಡುಗೆಮನೆಯ ಅನ್ನ, ಜಾಗವಾದ ಮೇಲೆ ಅವರಿಗೆ ನಡೆಯಲಿಲ್ಲ. ಬಜಾರದ ಬಾಳೆಹಣ್ಣು ಎರಡು ತಿಂದರು, ನೀರು ಕುಡಿದರು. ಮರುದಿನ ಬೆಳಿಗ್ಗೆಯೂ ಅಷ್ಟೇ. ನಾನು ಮೊಂಡುತನದಿಂದ ಕರೆಯಲು ಹೋಗಲಿಲ್ಲ. ಹುಡುಗಿಯನ್ನು ಬಲವಂತವಾಗಿ ಶಾಲೆಗೆ ಕಳಿಸಿದೆ. ಹೋಗುವಾಗ ಅವಳು ಟೆಂಟಿನ ಕಡೆ ನೋಡಿದ ರೀತಿ ಕಂಡು ನನಗೆ ಗೊತ್ತಾಯಿತು, ಅಜ್ಜಿ ಹಸಿದಿರುವುದು ತನ್ನಿಂದ ಎಂದು ಅವಳು ಖಚಿತ ಮಾಡಿಕೊಂಡಿದ್ದಾಳೆ. ಗೆದ್ದು ನಾನು ಸೋತಿದ್ದೆ. ಅಜ್ಜಿಗೆ ಏನಾದರೂ ಆಗುತ್ತದೆ ಎಂದಿದ್ದಳಲ್ಲ, ಆಗುತ್ತಲೇ ಇತ್ತು, ಅವಳ ಕಣ್ಣೆದುರಿಗೇ.

ಸಂಜೆ ಶಾಲೆಯಿಂದ ಬಂದವಳು ಪಾಟಿಚೀಲ ಇಳಿಸಿ ನೇರ ಅಡುಗೆಮನೆಗೆ ಬಂದಳು. ಹೊಸ್ತಿಲಲ್ಲಿ ಒಂದು ಗಳಿಗೆ ತಡೆದಳು, ಆಮೇಲೆ ದಾಟಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿನ ಬಿಸಿ ರೊಟ್ಟಿಯನ್ನು ತಾನೇ ತೆಗೆದು, ತಾಟಿಗೆ ಹಾಕಿ, ಬದನೆಕಾಯಿ ಪಲ್ಯ ಬಡಿಸಿಕೊಂಡಳು. ತನಗೇ ಎಂದು ತಿಳಿದೆ. ತಾಟು ಹಿಡಿದು ಹಿತ್ತಲಿಗೆ ಹೋದಳು. ನಾನು ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲ ಮರೆಗೆ ನಿಂತೆ.

ಅತ್ತೆ ಟೆಂಟಿನ ಬಾಗಿಲು ತೆರೆದುಕೊಂಡು ಕೂತಿದ್ದರು. ಹುಡುಗಿ ತಾಟು ಮುಂದೆ ಚಾಚಿದಳು. ಕೆಳಗ ಇಡವ್ವಾ ಎಂದರು ಅತ್ತೆ. ಅವಳು ಇಡಲಿಲ್ಲ.

“ನಾ ಮುಟ್ಟಿದ್ದು ಉಂಡ್ರ ನಿನಗ ಏನರ ಆಗ್ತದೇನು ಅಜ್ಜಿ? ಖರೇ ಹೇಳು. ಆಗ್ತದ ಅಂದ್ರ ನಾ ಇನ್ನ ಒಳಗ ಹೋಗೂದಿಲ್ಲ, ಇಲ್ಲೇ ಇರ್ತೀನಿ.”

ಓಡಿಹೋಗಿ ಹುಡುಗಿಯನ್ನು ಎಳೆದುಕೊಳ್ಳಬೇಕೆನ್ನಿಸಿತು, ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅತ್ತೆ ಹೂಂ ಎಂದರೆ ಅವಳ ಕತೆ ಮುಗಿಯಿತು, ನಾನು ಎಷ್ಟು ಬಡಕೊಂಡರೂ ಜನ್ಮ ಪೂರ್ತಿ ಆ ಮಾತು ಅವಳ ಮೈಗೆ ಅಂಟಿಕೊಳ್ಳುತ್ತದೆ. ಇಲ್ಲ ಎಂದರೆ, ಆ ಕೊಟ್ಟಿಗೆಯಲ್ಲಿ ಗೋಣಿಯ ಮೇಲೆ ಕಳೆದ ದಿನಗಳೆಲ್ಲ ಅವರಿಗೆ ಯಾತಕ್ಕಾಗಿ? ಅತ್ತೆ ಹುಡುಗಿಯ ಮುಖವನ್ನೇ ನೋಡುತ್ತ ಕೂತರು. ಓಣಿಯಲ್ಲಿ ಯಾರೋ ತರಕಾರಿ ಕೂಗಿಕೊಂಡು ಹೋದರು.

ಆಮೇಲೆ ಅತ್ತೆ ಎರಡೂ ಕೈ ಚಾಚಿ ಅವಳ ಕೈಯಿಂದಲೇ ತಾಟು ತೆಗೆದುಕೊಂಡರು. ಬೆರಳಿಗೆ ಬೆರಳು ತಾಗಿತು. ತೊಡೆಯ ಮೇಲೆ ಇಟ್ಟುಕೊಂಡು, ರೊಟ್ಟಿಯ ಅಂಚು ಮುರಿದು, ಪಲ್ಯಕ್ಕೆ ಹಚ್ಚಿ ಬಾಯಿಗೆ ಹಾಕಿಕೊಂಡರು. ಹಸಿದವರು, ಬೇಗ ಬೇಗ ಅಗಿದರು. ಇನ್ನೊಂದು ತುತ್ತು ಮುರಿದವರು ತಾಟನ್ನು ಅತ್ತಿತ್ತ ನೋಡಿದರು.

“ಉಪ್ಪಿನಕಾಯಿ ಎಲ್ಲದ? ಬರೇ ಇದನ್ನ ಹೆಂಗ ಉಣ್ಲಿ? ಹ್ವಾಗು, ಭರಣಿಯೊಳಗಿಂದ ತಗೊಂಡ ಬಾ.”

ಮುಟ್ಟಾದವರ ನೆರಳು ಬಿದ್ದರೂ ಉಪ್ಪಿನಕಾಯಿ ಬೂಸು ಹಿಡಿಯುತ್ತದೆ ಎಂದು ನನ್ನನ್ನು ಇಷ್ಟು ವರ್ಷ ಆ ಭರಣಿಯಿಂದ ದೂರ ಇಟ್ಟವರು ಅವರು. ಹೇಳಿದ ಮೇಲೆ ತಾವೇನು ಹೇಳಿದೆವೆಂದು ಅತ್ತೆಗೂ ಹೊಳೆಯಿತು, ಕೈಯಲ್ಲಿನ ತುತ್ತು ಕೈಯಲ್ಲೇ ನಿಂತಿತು. ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ತುತ್ತು ಬಾಯಿಗೆ ಹೋಯಿತು. ಹುಡುಗಿ ನನ್ನನ್ನು ತಳ್ಳಿಕೊಂಡೇ ಒಳಗೆ ಓಡಿ ಬಂದು ಗೋಡೆಯ ಮಾಡದಲ್ಲಿನ ಭರಣಿ ಇಳಿಸಿದಳು. ಅದರ ಬಾಯಿಗೆ ಅತ್ತೆ ಕಟ್ಟಿದ ಅರಿವೆಯ ಗಂಟು ಬಿಗಿಯಾಗಿತ್ತು. ಬಿಚ್ಚಿಕೊಡು ಎಂದು ನನ್ನ ಕಡೆ ನೋಡಿದಳು. ನಾನು ಹಿಟ್ಟಿನ ಕೈ ಎತ್ತಿಕೊಂಡು ಕಲ್ಲಿನಂತೆ ನಿಂತಿದ್ದೆ. ಅವಳು ಕಾಯಲಿಲ್ಲ. ಬಗ್ಗಿ, ಹಲ್ಲಿನಿಂದ ಕಚ್ಚಿ ಗಂಟು ಬಿಚ್ಚಿದಳು.